ಜಿಯೋಸಿಂಥೆಟಿಕ್ಸ್ ಸಮ್ಮೇಳನ: ಪ್ರಬಂಧಗಳಿಗೆ ಆಹ್ವಾನವೆಂದರೇನು?

ರಸ್ತೆ, ಏರಿ, ಕಾಲುವೆಗಳ ನಿರ್ಮಾಣದಲ್ಲಿ ಮಣ್ಣಿನೊಡನೆ ಹಾಸುವ ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್, ಪಾಲಿಎಥಿಲೀನ್ ಮೊದಲಾದವುಗಳಿಂದ ತಯಾರಾದ ಬಟ್ಟೆ, ಜಾಲರಿ ಹಾಗೂ ಹಾಳೆಗಳಿಗೆ ಜಿಯೋಸಿಂಥೆಟಿಕ್ಸ್ ಎಂದು ಹೆಸರು. ಈ ವಿಷಯದ ಸಮ್ಮೇಳನಗಳು ಎಂಜಿನಿಯರುಗಳಿಂದ ಪ್ರಬಂಧಗಳನ್ನು ಆಹ್ವಾನಿಸುತ್ತವೆ. ಸದ್ಭಕ್ತರ ಮನೆಗಳಲ್ಲಿ ಸಿವಿಲ್ ಎಂಜಿನಿಯರುಗಳೂ ವಿದ್ಯಾರ್ಥಿಗಳೂ ಅನೇಕರಿರುವುದರಿಂದ ಈ ಆಹ್ವಾನದ ಅರ್ಥವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಈ ಕ್ಷೇತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1977ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ‘ಜಿಯೋಟೆಕ್ಸ್‌ಟೈಲ್’, ‘ಜಿಯೋಮೆಂಬ್ರೇನ್’ ಎಂಬ ಪದಗಳನ್ನು ಜೆ. ಪಿ. ಜಿರೂ ಅವರು ಬಳಕೆಗೆ ತಂದುದು ಅಲ್ಲಿಯೇ. 1983ರಲ್ಲಿ ಅಂತರರಾಷ್ಟ್ರೀಯ ಜಿಯೋಸಿಂಥೆಟಿಕ್ಸ್ ಸೊಸೈಟಿ ಸ್ಥಾಪನೆಗೊಂಡಿತು. ಅನಂತರದ ಸಮ್ಮೇಳನಗಳು ಸಾಮಾನ್ಯವಾಗಿ ನಾಲ್ಕು ವರ್ಷಗಳಿಗೊಮ್ಮೆ ಸೇರುತ್ತ ಬಂದಿವೆ. 2018ರಲ್ಲಿ ಸೋಲ್, 2023ರಲ್ಲಿ ರೋಮ್ ನಗರಗಳು ಆತಿಥ್ಯ ವಹಿಸಿದ್ದವು.

ಈ ವಸ್ತುಗಳ ಕೆಲಸವೇನು? ಧಾರವಾಡ, ಗದಗ, ವಿಜಯಪುರ, ಕಲಬುರಗಿ ಸೀಮೆಯ ಎರೆಮಣ್ಣನ್ನೇ ನೋಡೋಣ. ಮಳೆಗೆ ಅದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಜಲ್ಲಿಯು ವಾಹನಗಳ ಭಾರಕ್ಕೆ ಕೆಸರಿನೊಳಗೆ ಇಳಿಯುತ್ತದೆ. ಕೆಸರು ಜಲ್ಲಿಯ ಸಂದುಗಳಿಗೆ ಏರುತ್ತದೆ. ನಡುವೆ ಜಿಯೋಟೆಕ್ಸ್‌ಟೈಲ್ ಹಾಸಿದರೆ ಎರಡೂ ಬೆರೆಯುವುದಿಲ್ಲ, ನೀರು ಮಾತ್ರ ಸೋಸಿ ಹೋಗುತ್ತದೆ. ಜಿಯೋಗ್ರಿಡ್ ಎಂಬ ಜಾಲರಿ ಜಲ್ಲಿಯನ್ನು ಹಿಡಿದಿಟ್ಟು ಬಲ ಕೊಡುತ್ತದೆ. ಜಿಯೋಮೆಂಬ್ರೇನ್ ಹಾಳೆಯು ಕೃಷಿಹೊಂಡದ ನೀರು ಇಂಗದಂತೆ ತಡೆಯುತ್ತದೆ. ಆದರೆ ಬಟ್ಟೆ ಹಾಸಿದ ಮಾತ್ರಕ್ಕೆ ಎರೆಮಣ್ಣಿನ ಉಬ್ಬುವ ಗುಣ ಅಳಿಯುವುದಿಲ್ಲ. ಬಸಿಗಾಲುವೆ ಸರಿಯಿಲ್ಲದಿದ್ದರೆ ರಸ್ತೆ ಕೆಡುವುದೇ ಸರಿ.

ಆಹ್ವಾನಕ್ಕೆ ಸ್ಪಂದಿಸುವವರು ಮೊದಲು ಕೆಲವು ನೂರು ಪದಗಳ ಸಾರಾಂಶವನ್ನು ಕಳುಹಿಸಬೇಕು. ಸಮಸ್ಯೆ ಯಾವುದು, ಮಾಡಿದ್ದೇನು, ಅಳೆದದ್ದೇನು, ತಿಳಿದದ್ದೇನು ಎಂಬ ನಾಲ್ಕು ಅಂಶಗಳು ಅದರಲ್ಲಿ ಸ್ಪಷ್ಟವಾಗಿರಬೇಕು. ಅದು ಒಪ್ಪಿಗೆಯಾದ ಬಳಿಕ ಪೂರ್ಣ ಪ್ರಬಂಧ. ಅದನ್ನು ವಿಷಯತಜ್ಞರು ಪರಿಶೀಲಿಸಿ ತಿದ್ದುಪಡಿಗಳನ್ನು ಸೂಚಿಸುತ್ತಾರೆ. ಯಾವುದೋ ಕಂಪನಿಯ ಸರಕನ್ನು ಹೊಗಳುವ ಬರಹಕ್ಕೆ ಅಲ್ಲಿ ಬೆಲೆಯಿಲ್ಲ. ಇಲಾಖೆಯ ಅಥವಾ ಮಾಲೀಕರ ಅಂಕಿಅಂಶಗಳನ್ನು ಬಳಸುವ ಮುನ್ನ ಅವರ ಅನುಮತಿಯನ್ನು ಪಡೆಯುವುದು ಅಗತ್ಯ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬಯಸುತ್ತೇವೆ. ಪ್ರಯೋಗಾಲಯದವರು ಬರೆಯುತ್ತಾರೆ, ಕೆಸರಿನಲ್ಲಿ ನಿಂತು ಕೆಲಸ ಮಾಡಿಸಿದವರು ಬರೆಯುವುದು ವಿರಳ. ಕೆಟ್ಟುಹೋದ ಕಾಮಗಾರಿಯ ಬಗ್ಗೆ ಬರೆಯಲು ಎಲ್ಲರಿಗೂ ಸಂಕೋಚ. ಹೊಲಿಗೆ ಬಿಟ್ಟದ್ದು, ಹಾಳೆಗಳ ಅಂಚು ಸಾಕಷ್ಟು ಒಂದರ ಮೇಲೊಂದು ಬಾರದೆ ಜಲ್ಲಿ ಜಾರಿದ್ದು, ಬಿಸಿಲಿಗೆ ತೆರೆದಿಟ್ಟ ಬಟ್ಟೆ ಹಾಸುವ ಮೊದಲೇ ಬಲಗುಂದಿದ್ದು, ಇಂತಹ ಸಂಗತಿಗಳು ದಾಖಲಾಗದಿದ್ದರೆ ಮುಂದಿನ ಊರಿನ ರಸ್ತೆಯೂ ಹಾಗೆಯೇ ಕೆಡುತ್ತದೆ. ಅದರ ಕಷ್ಟ ಬೀಳುವುದು ಶಾಲೆಗೆ ನಡೆವ ಮಕ್ಕಳ ಮೇಲೆ, ಆಸ್ಪತ್ರೆಗೆ ಹೊರಟ ಬಾಣಂತಿಯ ಮೇಲೆ.

ಆದುದರಿಂದ ಕ್ಷೇತ್ರದಲ್ಲಿ ದುಡಿಯುತ್ತಿರುವ ಎಂಜಿನಿಯರುಗಳು ತಮ್ಮ ದಿನಚರಿ, ಛಾಯಾಚಿತ್ರ, ಮಣ್ಣು ಪರೀಕ್ಷೆಯ ವರದಿಗಳನ್ನು ಜೋಪಾನವಾಗಿಟ್ಟುಕೊಳ್ಳಲಿ. ಸಮೀಪದ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರೊಡನೆ ಕೂಡಿ ಬರೆದರೆ ಅನುಭವಕ್ಕೆ ಶಾಸ್ತ್ರದ ಬಲವೂ ದೊರೆಯುತ್ತದೆ. ಗೆದ್ದದ್ದನ್ನೂ ಸೋತದ್ದನ್ನೂ ಒಂದೇ ಪ್ರಾಮಾಣಿಕತೆಯಿಂದ ಬರೆಯಲೆಂದು ನಾವು ಆಶಿಸುತ್ತೇವೆ.