15ಕ್ಕಿಂತ 16 ಚುರುಕು!

“3200 ವೇಗದ್ದು ಅಂತ ಹೇಳಿ ರ‍್ಯಾಮ್ ಮಾರಿದರು ಸಾರ್. ಮನೆಗೆ ತಂದು ಸಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ನೋಡಿದರೆ 1066 ಅನ್ನುತ್ತಿದೆ. ನನಗೆ ಟೋಪಿ ಹಾಕಿದರಾ?” ಎಂದು ಓದುಗರೊಬ್ಬರು ಕೇಳಿದ್ದಾರೆ.

ಅಂಗಡಿಯವರ ಮೇಲೆ ಸದ್ಯಕ್ಕೆ ಸಿಟ್ಟಾಗಬೇಡಿ. ಡಿಡಿಆರ್ ಮೆಮೊರಿ ಕ್ಲಾಕ್‌ನ ಒಂದು ಮಿಡಿತಕ್ಕೆ ಎರಡು ಸಲ ಡೇಟಾ ಸಾಗಿಸುತ್ತದೆ. ಡಬ್ಬಿಯ ಮೇಲೆ ಬರೆದಿರುವುದು ಸಾಗಣೆಯ ಲೆಕ್ಕ, ನಿಮಗೆ ಕಂಡದ್ದು ಮಿಡಿತದ ಲೆಕ್ಕ. ಇಮ್ಮಡಿಸಿದರೆ ಸುಮಾರು 2133 ಆಯಿತು. ಮಿಕ್ಕ ವೇಗವೂ ಎಲ್ಲಿಗೂ ಹೋಗಿಲ್ಲ. ರ‍್ಯಾಮ್ ಮೇಲಿನ ಎಸ್‌ಪಿಡಿ ಎಂಬ ಪುಟಾಣಿ ಚಿಪ್‌ನಲ್ಲಿ ಜೆಡೆಕ್ ಎಂಬ ಮಾನಕ ಸಂಸ್ಥೆಯ ವೇಗಗಳ ಜೊತೆಗೆ, ತಯಾರಕರು ತಾವೇ ಪರೀಕ್ಷಿಸಿ ಬರೆದ ಎಕ್ಸ್‌ಎಂಪಿ ಎಂಬ ಹೆಚ್ಚಿನ ವೇಗವೂ ಇರುತ್ತದೆ. ನೀವಾಗಿ ಬಯೋಸ್‌ಗೆ ಹೋಗಿ ಅದನ್ನು ಆನ್ ಮಾಡುವವರೆಗೂ ಕಂಪ್ಯೂಟರ್ ಜೆಡೆಕ್ ವೇಗದಲ್ಲೇ ಓಡುತ್ತದೆ.

ಆನ್ ಮಾಡಿದ ಮೇಲೆ ಇನ್ನೊಂದು ಗಾಬರಿ ಕಾದಿದೆ. ಇಷ್ಟು ಹೊತ್ತು 15 ಇದ್ದ ಸಿಎಲ್ ಈಗ 16! ಕಾಯುವುದು ಜಾಸ್ತಿಯಾಯಿತಲ್ಲ?

ಇಲ್ಲ. ಸಿಎಲ್ ಎಂದರೆ ಸಮಯವಲ್ಲ, ಡೇಟಾ ಕೇಳಿದ ಮೇಲೆ ಅದು ಬರುವವರೆಗೆ ಕಾಯುವ ಮಿಡಿತಗಳ ಎಣಿಕೆ. 2133ರಲ್ಲಿ 15 ಮಿಡಿತಕ್ಕೆ ಸುಮಾರು 14 ನ್ಯಾನೊಸೆಕೆಂಡ್ ಹಿಡಿಯುತ್ತದೆ. 3200ರಲ್ಲಿ 16 ಮಿಡಿತ ಸರಿಯಾಗಿ 10 ನ್ಯಾನೊಸೆಕೆಂಡಿಗೆ ಮುಗಿಯುತ್ತದೆ. ನಿಮ್ಮದು ಡಿಡಿಆರ್4. ಈಗ ಅದರ ಹಿಂದುಮುಂದಿನ ತಲೆಮಾರು ನೋಡಿ. ಡಿಡಿಆರ್3-1600, ಸಿಎಲ್ 8: ಅದೂ 10. ಡಿಡಿಆರ್5-6400, ಸಿಎಲ್ 32: ಅದೂ 10! ಸಂಗೀತದ ಸರಳೆ ವರಸೆ ಕಲಿತವರಿಗೆ ಇದು ಗೊತ್ತಿರುವ ಲೆಕ್ಕವೇ. ಆದಿತಾಳದ ಒಂದು ಆವರ್ತಕ್ಕೆ ಮೊದಲ ಕಾಲದಲ್ಲಿ 8 ಸ್ವರ, ಎರಡನೆಯದರಲ್ಲಿ 16, ಮೂರನೆಯದರಲ್ಲಿ 32. ಆವರ್ತ ಮಾತ್ರ ಅಷ್ಟೇ ಉದ್ದ.

ಬೆಳಕು 3 ಮೀಟರ್ ಸಾಗುವಷ್ಟರ ಈ 10 ನ್ಯಾನೊಸೆಕೆಂಡ್ ಯಾಕೆ ಕರಗಲೊಲ್ಲದು? ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ 1968ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸವೇ ಇಂದಿಗೂ ನಡೆದುಬಂದಿದೆ: ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಅದರೊಳಗಿನ ವಿದ್ಯುದಂಶ ಅತ್ಯಲ್ಪ, ಸೋರುತ್ತಲೂ ಇರುತ್ತದೆ. ಓದಿದರೆ ಅಳಿಸಿಯೇ ಹೋಗುತ್ತದೆ, ಮತ್ತೆ ಬರೆಯಬೇಕು! ಅದಕ್ಕೇ ಡಬ್ಬಿಯ ಮೇಲೆ 16-18-18-38 ಎಂಬಂಥ ಅಂಕಿಗಳ ಸರಣಿ. ಮೆಮೊರಿಯಲ್ಲಿ ಬೇಕಾದ ಬಿಟ್‌ಗಳ ಸಾಲು ಮೊದಲೇ ತೆರೆದಿದ್ದರೆ 16 ಮಿಡಿತ ಸಾಕು. ಬೇರೆ ಸಾಲು ತೆರೆದಿದ್ದರೆ ಅದನ್ನು ಮುಚ್ಚಲು 18, ಬೇಕಾದದ್ದನ್ನು ತೆರೆಯಲು 18, ಓದಲು 16, ಒಟ್ಟು 32.5 ನ್ಯಾನೊಸೆಕೆಂಡ್. ವೋಲ್ಟೇಜ್ ಏರಿಸಿದರೆ ಇದನ್ನು ತುಸು ಬಿಗಿಗೊಳಿಸಬಹುದು, ಅಷ್ಟೇ.

ಎಕ್ಸ್‌ಎಂಪಿ ಹಾಕಿದರೆ ರ‍್ಯಾಮ್ ಸುಟ್ಟುಹೋಗುತ್ತದೆ ಎಂದು ಹೆದರಿಸುವವರು ಊರಿಗೊಬ್ಬರು ಸಿಗುತ್ತಾರೆ. ಆಗುವುದಿಷ್ಟೇ: ಡಿಡಿಆರ್4ರಲ್ಲಿ 1.2 ವೋಲ್ಟ್ ಸಾಮಾನ್ಯವಾಗಿ 1.35 ಆಗುತ್ತದೆ. ತಯಾರಕರು ಪರೀಕ್ಷಿಸಿದ್ದೂ ಅಷ್ಟರಲ್ಲೇ.

ಆದರೆ ರ‍್ಯಾಮ್ ಒಪ್ಪಿದ್ದನ್ನೆಲ್ಲ ಪ್ರೊಸೆಸರ್ ಒಪ್ಪಬೇಕೆಂದಿಲ್ಲ. ಕೋರ್ ಐ5-10400ಕ್ಕೆ ಇಂಟೆಲ್ ಅಧಿಕೃತವಾಗಿ ಹೇಳಿರುವುದು 2666 ಮಾತ್ರ. ಮದರ್‌ಬೋರ್ಡ್ ಅವಕಾಶ ಕೊಟ್ಟರೆ ಅದನ್ನು ಮೀರಿದರೂ ಸಾಮಾನ್ಯವಾಗಿ ನಡೆಯುತ್ತದೆ, ಕೆಲವೊಮ್ಮೆ ಇಲ್ಲ. ಕಂಪ್ಯೂಟರ್ ಶುರುವೇ ಆಗದಿದ್ದರೆ ವಾಸಿ, ಕಾರಣ ತಿಳಿಯುತ್ತದೆ. ಸದ್ದಿಲ್ಲದೆ ಒಂದು ಬಿಟ್ ತಿರುಗಿ ಫೈಲ್ ಕೆಟ್ಟರೆ ತಿಳಿಯುವುದೇ ಇಲ್ಲ. ಎಕ್ಸ್‌ಎಂಪಿ ಹಾಕಿದ ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಓಡಲು ಬಿಟ್ಟು ಮಲಗಿ. ಬೆಳಿಗ್ಗೆ ಒಂದೇ ಒಂದು ದೋಷ ಕಂಡರೂ ವೇಗವನ್ನು 2933ಕ್ಕೆ ಇಳಿಸಿ ಮತ್ತೆ ಓಡಿಸಿ.