ಪಾಲಿಗೆ ಬಂದ ಹೆಬ್ಬಾವು

ನಮ್ಮ ಹಳ್ಳಿಗಳಲ್ಲಿ ಆಡು ಕುರಿಗಳನ್ನು ಪಾಲಿಗೆ ಕೊಡುವ ವಾಡಿಕೆಯುಂಟು. ಒಡೆಯನೊಬ್ಬ, ಮೇಯಿಸುವವನೊಬ್ಬ, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು. ಹಾವುಗಳನ್ನೂ ಹೀಗೆ ಪಾಲಿಗೆ ಕೊಡುವವರಿದ್ದಾರೆಂದರೆ ವಾಚಕರು ಹುಬ್ಬೇರಿಸಿಯಾರು. ಅಮೆರಿಕ, ಇಂಗ್ಲೆಂಡುಗಳಲ್ಲಿ ಹಾವು ಸಾಕುವ ಹವ್ಯಾಸಿಗಳಿಗೆ ಇದು ಹೊಸತಲ್ಲ.

ಅವರ ಅಚ್ಚುಮೆಚ್ಚಿನದು ಆಫ್ರಿಕದ ‘ಬಾಲ್ ಪೈಥಾನ್’. ಹೆದರಿದೊಡನೆ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಳ್ಳುವ, ವಿಷವಿಲ್ಲದ ಪುಟ್ಟ ಹೆಬ್ಬಾವು. 1992ರಲ್ಲಿ ಇದರ ಬಿಳಿ-ಹಳದಿ ಬಣ್ಣದ ಮರಿಗಳನ್ನು ಅಮೆರಿಕದಲ್ಲಿ ಮೊದಲಿಗೆ ಹುಟ್ಟಿಸಿದ ತರುವಾಯ ಅಪೂರ್ವ ವರ್ಣಗಳಿಗಾಗಿ ಸಾವಿರಾರು ಡಾಲರು ತೆರುವವರು ಹುಟ್ಟಿಕೊಂಡರು. ಅಷ್ಟು ತೆರಲಾರದವನು ಗೆಳೆಯನ ಗಂಡುಹಾವನ್ನು ಎರವಲು ತರುತ್ತಾನೆ. ಒಂದು ಗಂಡು ಒಂದೇ ಋತುವಿನಲ್ಲಿ ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಹೆಣ್ಣು ಇಡುವುದು ಸುಮಾರು ಆರು ಮೊಟ್ಟೆ. ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ಒಡೆಯರಿಬ್ಬರೂ ಸರದಿಯಂತೆ ಒಂದೊಂದನ್ನು ಆರಿಸಿಕೊಳ್ಳುತ್ತಾರೆ.

ಆದರೆ ಎರವಲು ಹಾವಿನೊಡನೆ ಕರೆಯದ ಅತಿಥಿಗಳೂ ಬರುವುದುಂಟು. ರಕ್ತ ಹೀರುವ ನುಸಿ ಒಂದು. 2014ರಲ್ಲಿ ವಿಜ್ಞಾನಿಗಳು ವಿವರಿಸಿದ, ಉಸಿರಾಟವನ್ನೇ ಕೆಡಿಸುವ ವೈರಾಣು ಇನ್ನೊಂದು. ಸೋಂಕಿದ ಹಾವು ನೋಡುವುದಕ್ಕೆ ಆರೋಗ್ಯವಾಗಿಯೇ ಇರಬಹುದು. ಒಂದು ಋತುವಿನ ಲಾಭಕ್ಕೆ ಕೈಚಾಚಿ ಮನೆಯ ಹಾವುಗಳೆಲ್ಲವನ್ನೂ ಅಪಾಯಕ್ಕೊಡ್ಡಿದಂತಾದೀತು. ಆದುದರಿಂದ ಬಲ್ಲವರು ಬಂದ ಹಾವನ್ನು ಕೆಲವು ತಿಂಗಳು ಬೇರೆ ಕೋಣೆಯಲ್ಲಿಟ್ಟು, ಬಾಯಿಯ ದ್ರವವನ್ನು ಪರೀಕ್ಷೆ ಮಾಡಿಸಿ, ಆಮೇಲೆಯೇ ಜೊತೆಗೂಡಿಸುತ್ತಾರೆ. ಹಿಂದಿರುಗಿದ ಹಾವಿಗೂ ಇದೇ ಕಟ್ಟಳೆ.

ಉಳಿದುದು ಕರಾರು. ಮೊಟ್ಟೆಗಳು ಜೊಳ್ಳಾದರೆ? ಹಾವೇ ಸತ್ತರೆ ನಷ್ಟ ಯಾರದು? ಇದನ್ನು ಮೊದಲೇ ಬರೆದಿಡದಿದ್ದಲ್ಲಿ, ವಿಷವಿಲ್ಲದ ಆ ಹಾವು ಇಬ್ಬರ ಸ್ನೇಹಕ್ಕೆ ವಿಷವಾದೀತು.