ಜ್ವರ ಬಂದು ಎಷ್ಟನೇ ದಿನ?

‘ಜ್ವರ ಯಾವತ್ತಿಂದ?’ ಎಂದು ಡಾಕ್ಟರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: ‘ಮೂರ್ನಾಲ್ಕು ದಿನ ಆಯ್ತೇನೋ.’ ಆ ‘ಏನೋ’ದಿಂದಾಗಿಯೇ ಎಷ್ಟೋ ರಕ್ತಪರೀಕ್ಷೆಗಳ ದುಡ್ಡು ನೀರುಪಾಲಾಗುತ್ತದೆ. ಪರೀಕ್ಷೆ ಸರಿಯಿದ್ದರೂ ದಿನ ತಪ್ಪಿದರೆ ವರದಿ ದಾರಿ ತಪ್ಪಿಸುತ್ತದೆ.

ಡೆಂಗ್ಯೂವನ್ನೇ ನೋಡಿ. ಎನ್‌ಎಸ್‌1 ಎಂಬುದು ವೈರಸ್ಸೇ ರಕ್ತಕ್ಕೆ ಬಿಡುವ ಪ್ರೋಟೀನು. ಅದನ್ನು ಹುಡುಕಬೇಕಾದದ್ದು ಜ್ವರದ ಮೊದಲ ಐದು ದಿನಗಳಲ್ಲಿ. ಐಜಿಎಂ ಹಾಗಲ್ಲ, ಅದು ವೈರಸ್ಸಿನ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯ. ತಯಾರಾಗಲು ನಾಲ್ಕೈದು ದಿನ ಬೇಕು. ಎರಡನೇ ದಿನವೇ ಐಜಿಎಂ ಮಾಡಿಸಿ ‘ನೆಗೆಟಿವ್ ಬಂತು’ ಎಂದು ನಿರಾಳವಾಗುವುದು, ಬಿತ್ತಿದ ಮರುದಿನ ಹೊಲಕ್ಕೆ ಹೋಗಿ ಪೈರು ಎದ್ದಿಲ್ಲವೆಂದಂತೆ. ಎನ್‌ಎಸ್‌1 ನೆಗೆಟಿವ್ ಬಂದರೂ ಡೆಂಗ್ಯೂ ಇಲ್ಲವೆಂದು ಖಾತ್ರಿಯೇನಿಲ್ಲ, ಹಿಂದೊಮ್ಮೆ ಡೆಂಗ್ಯೂ ಬಂದವರಲ್ಲಿ ಅದು ತಪ್ಪಿಸಿಕೊಳ್ಳುವುದುಂಟು.

ಇನ್ನು ಪ್ಲೇಟ್‌ಲೆಟ್. ನಮ್ಮ ಕಡೆ ಇದನ್ನು ‘ಬಿಳಿ ರಕ್ತಕಣ ಇಳಿದಿದೆ’ ಎನ್ನುವ ರೂಢಿ. ಅದು ತಪ್ಪು, ಎರಡೂ ಬೇರೆ ಬೇರೆ ಕಣಗಳು, ಡೆಂಗ್ಯೂನಲ್ಲಿ ಎರಡೂ ಇಳಿಯುತ್ತವೆ ಅಷ್ಟೆ. ಮನೆಮಂದಿಯೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನಂತೆ ಕಾಯುತ್ತಿರುವಾಗ ಡಾಕ್ಟರ ಕಣ್ಣು ಅದೇ ವರದಿಯ ಇನ್ನೊಂದು ಸಾಲಿನ ಮೇಲಿರುತ್ತದೆ: ಹೆಮಟೋಕ್ರಿಟ್, ಎಂದರೆ ರಕ್ತ ಎಷ್ಟು ಗಟ್ಟಿಯಾಗಿದೆ ಎಂಬ ಲೆಕ್ಕ. ಅದು ಏರುತ್ತಿದ್ದರೆ ರಕ್ತನಾಳದಿಂದ ದ್ರವ ಸೋರುತ್ತಿದೆ ಎಂದರ್ಥ. ಇದು ಆಗುವುದು ಹೆಚ್ಚಾಗಿ ಜ್ವರ ಬಿಟ್ಟ ಹೊತ್ತಿನಲ್ಲಿ, ‘ಅಬ್ಬಾ, ಇಳೀತು’ ಎಂದು ನಾವು ಉಸಿರು ಬಿಡುವಾಗ. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಲ್ಯಾಬಿಗಲ್ಲ, ನೇರ ಆಸ್ಪತ್ರೆಗೆ ಹೋಗಬೇಕು.

ಟೈಫಾಯ್ಡಿನ ಕಥೆ ಇನ್ನೂ ಗೋಜಲು. ಮೂಲೆಮೂಲೆಯ ಲ್ಯಾಬಿನಲ್ಲೂ ಮಾಡುವ ವಿಡಾಲ್ ಪರೀಕ್ಷೆ 1896ರಷ್ಟು ಹಳೆಯದು. ಅದೂ ಪ್ರತಿಕಾಯವನ್ನೇ ಅಳೆಯುವುದರಿಂದ ಮೊದಲ ವಾರದಲ್ಲಿ ಸುಮ್ಮನಿರಬಹುದು. ಹಿಂದೆ ಬಂದುಹೋದ ಸೋಂಕು, ಹಾಕಿಸಿಕೊಂಡ ಲಸಿಕೆ, ಕೆಲವೊಮ್ಮೆ ಬೇರೆ ಜ್ವರಗಳೂ ಅದನ್ನು ಪಾಸಿಟಿವ್ ಮಾಡಬಲ್ಲವು. ಗುಣವಾದ ಮೇಲೂ ‘ಇನ್ನೂ ಪಾಸಿಟಿವ್ ಇದೆ’ ಎಂದು ಮತ್ತೊಂದು ಸುತ್ತು ಆಂಟಿಬಯಾಟಿಕ್ ನುಂಗುವವರು ಇದರ ಬಲಿಪಶುಗಳು. ನಂಬಬಹುದಾದದ್ದು ಬ್ಲಡ್ ಕಲ್ಚರ್: ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನೇ ಬೆಳೆಸಿ ನೋಡುವುದು. ಮೊದಲ ವಾರದಲ್ಲಿ, ಆಂಟಿಬಯಾಟಿಕ್ ಶುರುಮಾಡುವ ಮೊದಲು ರಕ್ತ ಕೊಟ್ಟರೆ ಸಿಗುವ ಸಾಧ್ಯತೆ ಹೆಚ್ಚು. ಕೆಲವು ದಿನ ಕಾಯಬೇಕು, ಖರ್ಚೂ ಜಾಸ್ತಿ. ಆದರೆ ಯಾವ ಔಷಧಿಗೆ ಆ ಬ್ಯಾಕ್ಟೀರಿಯಾ ಬಗ್ಗುತ್ತದೆಂಬುದನ್ನೂ ಅದೇ ಹೇಳುತ್ತದೆ.

ಮಲೇರಿಯಾಕ್ಕೆ ಗಾಜಿನ ಮೇಲೆ ಸವರಿದ ಒಂದು ತೊಟ್ಟು ರಕ್ತ ಸಾಕು. ಒಮ್ಮೆ ಕಾಣದಿದ್ದರೆ ಒಂದೆರಡು ದಿನದೊಳಗೆ ಮತ್ತೆ ನೋಡಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೂ ಇದೇ ಲೆಕ್ಕ: ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಆಮೇಲೆ ಐಜಿಎಂ. ಈ ಜ್ವರ ಕೆಲವರಿಗೆ ಒಮ್ಮೆ ಬಿಟ್ಟು, ವಾರ ಎರಡು ವಾರದ ಮೇಲೆ ಮತ್ತೆ ಬರುತ್ತದೆ. ಆಗ ಮೊದಲ ಜ್ವರ ಬಂದ ತಾರೀಖನ್ನೇ ಹೇಳಬೇಕು. ಜೊತೆಗೆ ದರಗು ಗುಡಿಸಲು ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು, ಹತ್ತಿರದಲ್ಲಿ ಮಂಗ ಸತ್ತುಬಿದ್ದಿದ್ದು ಕೂಡ. ನೀವು ಹೇಳದೇ ಹೋದರೆ ಬೆಂಗಳೂರಿನ ಡಾಕ್ಟರಿಗೆ ಆ ಪರೀಕ್ಷೆ ಬರೆಯಲು ಹೊಳೆಯುವುದಾದರೂ ಹೇಗೆ?